ಗಾಲ್ಫಿನ ಕಷ್ಟದ ಹೊಡೆತಗಳು: ರೇಂಜಿನಲ್ಲಿ ಏನು ಮಾಡಬೇಕು, ಗುಡ್ಡೆಯಲ್ಲಿ ಏನು ಕಲಿಯಬಹುದು

ಕಾಸರಗೋಡು, ಕುಂಬಳೆ, ಮಂಜೇಶ್ವರ, ಬದಿಯಡ್ಕ ಕಡೆ ಗಾಲ್ಫ್ ಆಡುವವರು ಬೆರಳೆಣಿಕೆಯಷ್ಟು ಮಂದಿ. ಆಡಬೇಕಾದರೆ ತಲಪಾಡಿ ದಾಟಿ ಮಂಗಳೂರಿನ ಪಿಲಿಕುಳಕ್ಕೆ ಹೋಗಬೇಕು, ಇಲ್ಲ ಘಟ್ಟ ಹತ್ತಿ ಮಡಿಕೇರಿಗೆ ಹೋಗಬೇಕು. ಅದೂ ಆಗದಿದ್ದರೆ ಮಗನ ಮನೆಗೋ ಕಂಪನಿ ಕೆಲಸಕ್ಕೋ ಬೆಂಗಳೂರಿಗೆ ಹೋದಾಗ ಯಾವುದಾದರೂ ರೇಂಜಿನಲ್ಲಿ, ಅಂದರೆ ಹೊಡೆತ ಅಭ್ಯಾಸ ಮಾಡುವ ಬಯಲಿನಲ್ಲಿ, ಒಂದು ಬಕೆಟ್ ಚೆಂಡು ತೆಗೆದುಕೊಂಡು ಹೊಡೆದು ಬರಬೇಕು. ಅಷ್ಟು ಕಷ್ಟಪಟ್ಟು ಹೋಗಿ ಹೆಚ್ಚಿನವರು ಮಾಡುವುದೇನು? ಡ್ರೈವರ್ (ಎಲ್ಲಕ್ಕಿಂತ ದೂರ ಹೊಡೆಯುವ ಕ್ಲಬ್, ಅಂದರೆ ಗಾಲ್ಫ್ ಕೋಲು) ತೆಗೆಯುವುದು, ಬಕೆಟ್ ಖಾಲಿ ಆಗುವ ತನಕ ಬಡಿಯುವುದು, ಬೆವರು ಒರೆಸಿಕೊಂಡು ‘ಇವತ್ತು ಚೆನ್ನಾಗಿ ಹೋಯ್ತು’ ಅಂತ ಹೇಳಿ ಕಾರು ಹತ್ತುವುದು.

ಮುಂದಿನ ವಾರ ಕೋರ್ಸಿಗೆ, ಅಂದರೆ ನಿಜವಾದ ಆಟದ ಬಯಲಿಗೆ ಹೋದಾಗ ಮೂರನೇ ಹೋಲ್‌ನಲ್ಲೇ ಎಲ್ಲ ಕೆಡುತ್ತದೆ.

ಇದಕ್ಕೆ ಸ್ವಿಂಗ್, ಅಂದರೆ ಕ್ಲಬ್ ಬೀಸುವ ರೀತಿ ಕಾರಣ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ರೇಂಜಿನಲ್ಲಿ ನೆಲ ಸಪಾಟು, ಹುಲ್ಲು ಪ್ಲಾಸ್ಟಿಕ್, ಚೆಂಡು ಯಾವಾಗಲೂ ಅದೇ ಜಾಗದಲ್ಲಿ. ಕೋರ್ಸಿನಲ್ಲಿ ಇದರಲ್ಲಿ ಒಂದೂ ಸಿಗುವುದಿಲ್ಲ. ಕಷ್ಟದ ಹೊಡೆತಗಳಲ್ಲಿ ಮುಕ್ಕಾಲು ಪಾಲು ಕಷ್ಟ ಕಾಲ ಕೆಳಗಿನ ನೆಲದಿಂದ ಬರುತ್ತದೆ. ಗಟ್ಟಿ ನೆಲ, ಇಳಿಜಾರು, ಮರಳು, ಒದ್ದೆ ಹುಲ್ಲು. ಇದೆಲ್ಲ ನಮ್ಮ ಊರಿನಲ್ಲಿ ಬೇಕಾದಷ್ಟಿದೆ, ಪುಕ್ಕಟೆಯಾಗಿ. ಹಾಗಾಗಿ ರೇಂಜಿನ ಒಂದು ಗಂಟೆಯನ್ನು ಒಂದು ರೀತಿಯಲ್ಲಿ ಬಳಸಿ, ಮನೆಯ ಸುತ್ತಲಿನ ನೆಲವನ್ನು ಇನ್ನೊಂದು ರೀತಿಯಲ್ಲಿ ಬಳಸಿ. ಕೆಳಗೆ ಬರೆದಿರುವುದೆಲ್ಲ ಬಲಗೈ ಆಟಗಾರರ ಲೆಕ್ಕದಲ್ಲಿ. ಎಡಗೈಯವರು ಎಡ ಬಲ ತಿರುಗಿಸಿ ಓದಿಕೊಳ್ಳಿ.

ರೇಂಜಿನ ಒಂದು ಗಂಟೆ

ಮೊದಲು ವೆಜ್, ಅಂದರೆ ಚೆಂಡನ್ನು ಎತ್ತರಕ್ಕೆ, ಹತ್ತಿರಕ್ಕೆ ಹೊಡೆಯುವ ಕ್ಲಬ್ ತೆಗೆಯಿರಿ. ಅರ್ಧ ಸ್ವಿಂಗಿನಲ್ಲಿ ಹತ್ತಿಪ್ಪತ್ತು ಚೆಂಡು ಸಾಕು, ಮೈ ಬಿಸಿಯಾಗಲಿ. ಎರಡು ಗಂಟೆ ಕಾರಿನಲ್ಲಿ ಕೂತು ಬಂದ ಸೊಂಟದಿಂದ ನೇರ ಡ್ರೈವರ್ ಹೊಡೆದರೆ ಮರುದಿನ ಅದು ಮಾತಾಡುತ್ತದೆ.

ಆಮೇಲೆ ದಿಕ್ಕು. ಅಂಗಡಿಯಲ್ಲಿ ಇದಕ್ಕೆ ಅಲೈನ್‌ಮೆಂಟ್ ಸ್ಟಿಕ್ ಅಂತ ಮಾರುತ್ತಾರೆ, ಸುಮ್ನೆ ದುಡ್ಡು. ಅಡಿಕೆ ಮರದ ತೆಳು ಸಲಕೆ ಎರಡು ನಯ ಮಾಡಿಕೊಂಡು ಬ್ಯಾಗಿನಲ್ಲಿಟ್ಟರೆ ಆಯಿತು. ಒಂದನ್ನು ಚೆಂಡಿನ ಆಚೆ ಬದಿಗೆ ಗುರಿಯ ಕಡೆ ಮುಖ ಮಾಡಿ ಇಡಿ. ಇನ್ನೊಂದನ್ನು ನಿಮ್ಮ ಕಾಲ್ಬೆರಳ ತುದಿಗೆ, ರೈಲು ಹಳಿಯ ಹಾಗೆ ಮೊದಲನೆಯದಕ್ಕೆ ಸಮನಾಗಿ ಇಡಿ. ಈಗ ನಿಂತು ನೋಡಿ. ನಾವೆಲ್ಲ ಪಾದವನ್ನೇ ಗುರಿಗೆ ನೆಟ್ಟಗೆ ಇಡಲು ಹೋಗುತ್ತೇವೆ, ಆದರೆ ಗುರಿಗೆ ನೆಟ್ಟಗಿರಬೇಕಾದ್ದು ಕ್ಲಬ್ಬಿನ ಮುಖ. ಪಾದ, ಸೊಂಟ, ಭುಜ ಎಲ್ಲ ಅದರಿಂದ ಸ್ವಲ್ಪ ಎಡಕ್ಕೆ, ಎರಡನೇ ಹಳಿಯ ಮೇಲೆ ಇರಬೇಕು.

ಬಕೆಟ್ಟಿನ ಮೂರರಲ್ಲಿ ಒಂದು ಪಾಲು ಚೆಂಡನ್ನು ನೀವು ತಿದ್ದಬೇಕೆಂದಿರುವ ಒಂದೇ ಸಂಗತಿಗೆ ಇಡಿ. ಒಂದೇ. ಹಿಡಿತವೂ, ಭುಜವೂ, ತಲೆಯೂ ಒಟ್ಟಿಗೆ ಬೇಡ.

ಉಳಿದ ಎರಡು ಪಾಲಿನಲ್ಲಿ ಒಂದೇ ಕ್ಲಬ್ಬನ್ನು ಸತತ ಎರಡು ಸಲ ಹೊಡೆಯಬೇಡಿ. ಇದು ಈ ಭಾಗದ ಮುಖ್ಯ ಮಾತು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮಗೆ ಗೊತ್ತಿರುವ ಕೋರ್ಸಿನ ಮೊದಲನೇ ಹೋಲನ್ನು ಮನಸ್ಸಿನಲ್ಲಿ ತಂದುಕೊಳ್ಳಿ. ಡ್ರೈವರ್ ಹೊಡೆಯಿರಿ. ಚೆಂಡು ಬಲಕ್ಕೆ ಹೋಯಿತಾ? ಹಾಗಾದರೆ ನಿಜವಾದ ಕೋರ್ಸಿನಲ್ಲಿ ಅದು ಮರದ ಕೆಳಗೆ ಇರುತ್ತಿತ್ತು, ಎರಡನೇ ಚೆಂಡನ್ನು 6 ಐರನ್‌ನಲ್ಲಿ (ಐರನ್ ಕ್ಲಬ್ಬಿನ ಅಂಕೆ ದೊಡ್ಡದಾದಷ್ಟೂ ಚೆಂಡು ಎತ್ತರಕ್ಕೆ, ಹತ್ತಿರಕ್ಕೆ ಹೋಗುತ್ತದೆ) ತಗ್ಗಾಗಿ ಹೊಡೆದು ಹೊರಗೆ ತರಬೇಕು. ಅದು ನೆಟ್ಟಗೆ ಬಂದರೆ ಮುಂದಿನದು ವೆಜ್. ಪ್ರತಿ ಚೆಂಡಿಗೂ ಹಿಂದೆ ಸರಿದು ನಿಲ್ಲಿ, ಗುರಿ ನೋಡಿ, ಒಂದು ಖಾಲಿ ಸ್ವಿಂಗ್ ಮಾಡಿ, ಒಳಗೆ ಬಂದು ಹೊಡೆಯಿರಿ. ಕೆಟ್ಟರೆ ಕೆಟ್ಟಿತು, ಇನ್ನೊಂದು ಚೆಂಡು ಇಟ್ಟು ಸರಿ ಮಾಡಿಕೊಳ್ಳುವ ಹಾಗಿಲ್ಲ, ಯಾಕಂದರೆ ಕೋರ್ಸಿನಲ್ಲಿ ಆ ಅವಕಾಶ ಯಾರೂ ಕೊಡುವುದಿಲ್ಲ ಅಲ್ವಾ.

ಹೀಗೆ ಮಾಡಿದರೆ ಆ ದಿನ ಹೊಡೆತ ಕೆಟ್ಟದಾಗಿಯೇ ಕಾಣುತ್ತದೆ, ಅದಕ್ಕೆ ಹೆದರಬೇಡಿ. 1979ರಲ್ಲಿ ಶೀ ಮತ್ತು ಮಾರ್ಗನ್ ಎಂಬ ಇಬ್ಬರು ಸಂಶೋಧಕರು ಕೈಚಲನೆ ಕಲಿಯುವುದರ ಬಗ್ಗೆ ಒಂದು ಪ್ರಯೋಗ ಮಾಡಿದ್ದರು. ಪುಟ್ಟ ಮರದ ತುಂಡುಗಳನ್ನು ಹೇಳಿದ ಕ್ರಮದಲ್ಲಿ ಬೇಗ ಬೀಳಿಸಬೇಕು, ಅಷ್ಟೆ. ಒಂದು ಗುಂಪು ಒಂದೇ ಕ್ರಮವನ್ನು ಮುಗಿಸಿ ಮುಂದಿನದಕ್ಕೆ ಹೋಯಿತು, ಇನ್ನೊಂದು ಗುಂಪಿಗೆ ಕ್ರಮಗಳನ್ನು ಕಲಸಿ ಕೊಟ್ಟರು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪು ಚುರುಕಾಗಿತ್ತು. ಕೆಲವು ದಿನ ಬಿಟ್ಟು ಪರೀಕ್ಷೆ ಮಾಡಿದಾಗ ಕಲಸಿ ಕಲಿತವರೇ ಮುಂದಿದ್ದರು. ಒಂದೇ 7 ಐರನ್ ಸತತ ನಲವತ್ತು ಸಲ ಹೊಡೆದು ಬರುವ ಖುಷಿಗೂ ಇದೇ ಗತಿ.

ದೂರದ ಲೆಕ್ಕವನ್ನು ರೇಂಜಿನಲ್ಲಿ ಇಡಬೇಡಿ. ಅಲ್ಲಿನ ಚೆಂಡು ಗಟ್ಟಿ ಸಿಪ್ಪೆಯದು, ಸವೆದಿರುತ್ತದೆ, ನಿಮ್ಮ ಬ್ಯಾಗಿನ ಚೆಂಡಿನಷ್ಟು ಹೋಗುವುದಿಲ್ಲ.

ಮ್ಯಾಟ್ ಮುಚ್ಚಿಡುವ ತಪ್ಪು, ಹಾಳೆ ತೋರಿಸುವ ತಪ್ಪು

ಕ್ಲಬ್ ಚೆಂಡಿಗಿಂತ ಎರಡು ಇಂಚು ಹಿಂದೆ ನೆಲಕ್ಕೆ ತಾಗಿತು ಅಂದುಕೊಳ್ಳಿ. ಹುಲ್ಲಿನಲ್ಲಾದರೆ ಮಣ್ಣು ಕಿತ್ತು ಚೆಂಡು ಹತ್ತಡಿ ಹೋಗಿ ಕೂತುಬಿಡುತ್ತದೆ. ರೇಂಜಿನ ಪ್ಲಾಸ್ಟಿಕ್ ಹುಲ್ಲಿನ ಮ್ಯಾಟ್ ಮೇಲೆ ಕ್ಲಬ್ ಜಾರಿಕೊಂಡು ಮುಂದೆ ಹೋಗಿ ಚೆಂಡನ್ನು ಚೆನ್ನಾಗಿಯೇ ಹೊಡೆಯುತ್ತದೆ, ಸದ್ದೂ ಚೆನ್ನಾಗಿ ಬರುತ್ತದೆ. ನಿಮಗೆ ತಪ್ಪು ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಮೊಣಕೈಗೆ. ನೋವು ಶುರುವಾದರೆ ಬಕೆಟ್ ಅಲ್ಲೇ ಬಿಡಿ.

ಇದಕ್ಕೆ ಅಡಿಕೆ ಹಾಳೆಗಿಂತ ಒಳ್ಳೆಯ ಸಾಧನ ನಾನು ನೋಡಿಲ್ಲ. ಒಣ ಹಾಳೆಯನ್ನು ಒಂದು ಗೇಣು ಅಗಲಕ್ಕೆ ಕತ್ತರಿಸಿ, ಚೆಂಡಿನ ಹಿಂದೆ ಅರ್ಧ ಗೇಣು ಬಿಟ್ಟು ಸಪಾಟಾಗಿ ಇಡಿ. ಕ್ಲಬ್ ಹಿಂದೆ ತಾಗಿದರೆ ಹಾಳೆ ಟಪ್ ಅಂತ ಹಾರಿ ಹೋಗುತ್ತದೆ, ಸುಳ್ಳು ಹೇಳುವುದಕ್ಕೆ ಜಾಗವೇ ಇಲ್ಲ. ಹಾಳೆ ಸಿಗದ ಕಡೆ ಬೈರಾಸು (ಟವೆಲ್) ಮಡಚಿ ಇಟ್ಟರೂ ನಡೆಯುತ್ತದೆ.

ಚೆಂಡೇ ಇಲ್ಲದೆ ಮಾಡುವ ಇನ್ನೊಂದು ಪರೀಕ್ಷೆ ಇದೆ. ಅಂಗಳದ ಮೂಲೆಯಲ್ಲಿ ಮರಳಿದ್ದರೆ ಅದನ್ನು ಹರಡಿ, ಬೆರಳಿನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ನಿಮ್ಮ ಎರಡು ಪಾದಗಳ ನಡುವೆ ಬರುವಂತೆ ನಿಂತು ಐರನ್ ಬೀಸಿ. ಈಗ ಬಗ್ಗಿ ಗುರುತು ನೋಡಿ. ಮರಳು ಗೆರೆಯಿಂದಲೇ ಶುರುವಾಗಿ ಗುರಿಯ ಕಡೆಗೆ ಎದ್ದಿದ್ದರೆ ಸರಿ. ಗೆರೆಗಿಂತ ನಾಲ್ಕು ಬೆರಳು ಹಿಂದೆ ಎದ್ದಿದ್ದರೆ ನಿಮ್ಮ ಭಾರ ಬಲಗಾಲಿನಲ್ಲೇ ಉಳಿದಿದೆ, ಚೆಂಡನ್ನು ಎತ್ತಿ ಹಾರಿಸಲು ನೋಡುತ್ತಿದ್ದೀರಿ. ಎತ್ತುವ ಕೆಲಸ ಕ್ಲಬ್ಬಿನ ಲಾಫ್ಟ್, ಅಂದರೆ ಮುಖದ ಓರೆ ಮಾಡುತ್ತದೆ, ನಿಮ್ಮದಲ್ಲ. ಬೀಸಿ ಮುಗಿಸಿದಾಗ ಎಡಗಾಲ ಮೇಲೆ ಪೂರ್ತಿ ನಿಂತಿರಬೇಕು, ಬಲಗಾಲಿನ ಹೆಬ್ಬೆರಳು ಮಾತ್ರ ನೆಲಕ್ಕೆ ತಾಗಿರಬೇಕು. ಅಷ್ಟು ಮಾಡಿ ಮತ್ತೆ ಗೆರೆ ನೋಡಿ, ಗುರುತು ಮುಂದೆ ಬಂದಿರುತ್ತದೆ.

ಗಟ್ಟಿ ನೆಲ

ಬೇಸಿಗೆಯಲ್ಲಿ ಗ್ರೀನ್ (ಹೋಲ್ ಇರುವ ನಯ ಹುಲ್ಲಿನ ಜಾಗ) ಸುತ್ತ ಹುಲ್ಲು ಸತ್ತು ನೆಲ ನಮ್ಮ ಪದವಿನ, ಅಂದರೆ ಮುರಕಲ್ಲಿನ ಬೋಳು ಬಯಲಿನ ಹಾಗೇ ಆಗಿರುತ್ತದೆ. ಅಲ್ಲಿ ಚೆಂಡು ಬಿದ್ದರೆ ಕೈ ತಾನಾಗಿ ಸ್ಯಾಂಡ್ ವೆಜ್ ಕಡೆ ಹೋಗುತ್ತದೆ. ಹೋಗಬಾರದು. ಸ್ಯಾಂಡ್ ವೆಜ್ಜಿನ ಅಡಿಭಾಗ ಉಬ್ಬಿರುತ್ತದೆ, ಅದಕ್ಕೆ ಬೌನ್ಸ್ ಅನ್ನುತ್ತಾರೆ, ಸಾಮಾನ್ಯವಾಗಿ 10ರಿಂದ 14 ಡಿಗ್ರಿ. ಮರಳಿನಲ್ಲಿ ಅದು ವರ. ಗಟ್ಟಿ ನೆಲದಲ್ಲಿ ಅದೇ ಉಬ್ಬು ನೆಲಕ್ಕೆ ಬಡಿದು ಪುಟಿಯುತ್ತದೆ, ಕ್ಲಬ್ಬಿನ ಅಂಚು ಚೆಂಡಿನ ಹೊಟ್ಟೆಗೆ ತಾಗುತ್ತದೆ, ಚೆಂಡು ಗ್ರೀನ್ ದಾಟಿ ಆಚೆ ಓಡುತ್ತದೆ.

ಬದಲಿಗೆ 8 ಐರನ್ ತೆಗೆಯಿರಿ. ಪಾದ ಹತ್ತಿರ ಇಡಿ, ಚೆಂಡು ಬಲ ಪಾದದ ಕಡೆಗೆ ಸ್ವಲ್ಪ, ಭಾರ ಎಡಗಾಲಿನಲ್ಲಿ, ಕೈ ಚೆಂಡಿಗಿಂತ ತುಸು ಮುಂದೆ. ಮಣಿಕಟ್ಟು ಮುರಿಯದೆ, ಪಟ್ ಮಾಡುವ (ಗ್ರೀನ್ ಮೇಲೆ ಪಟರ್ ಎಂಬ ಕ್ಲಬ್ಬಿನಿಂದ ಚೆಂಡು ಉರುಳಿಸುವ) ಹಾಗೆ ಭುಜದಿಂದ ತೂಗಿ. ಚೆಂಡು ಸ್ವಲ್ಪ ಹಾರಿ, ಬಿದ್ದು, ಉಳಿದ ದೂರ ಉರುಳಿ ಹೋಗುತ್ತದೆ. ನಡುವೆ ಏನೂ ಅಡ್ಡ ಇಲ್ಲದಿದ್ದರೆ ಪಟರ್ ತೆಗೆದರೂ ಯಾರೂ ನಗುವುದಿಲ್ಲ. ನಕ್ಕರೆ ನಗಲಿ, ಕಾರ್ಡಿನಲ್ಲಿ ಬರೆಯುವುದು ಅಂಕೆ ಮಾತ್ರ.

ಇದನ್ನು ಕಲಿಯಲು ಕೊಯ್ಲು ಆದ ಗದ್ದೆಯಂಥ ಜಾಗ ಬೇರೆ ಇಲ್ಲ. ನೆಲ ಗಟ್ಟಿ, ಆದರೆ ಕಲ್ಲಿಲ್ಲ. ಹಾಳೆಯೊಂದನ್ನು ಐದಾರು ಹೆಜ್ಜೆ ದೂರದಲ್ಲಿಟ್ಟು ಅದರ ಮೇಲೆ ಚೆಂಡು ಬೀಳಿಸಲು ನೋಡಿ, ಆಮೇಲೆ ಎಲ್ಲಿವರೆಗೆ ಉರುಳುತ್ತದೆ ಅಂತ ಗಮನಿಸಿ. 8 ಐರನ್, ಪಿಚಿಂಗ್ ವೆಜ್, ಸ್ಯಾಂಡ್ ವೆಜ್ ಮೂರರಲ್ಲೂ ಅದೇ ಹಾಳೆಗೆ ಹೊಡೆದು ನೋಡಿದರೆ ಯಾವ ಕ್ಲಬ್ ಎಷ್ಟು ಓಡಿಸುತ್ತದೆ ಅನ್ನುವುದು ಒಂದೇ ಸಂಜೆಯಲ್ಲಿ ಕೈಗೆ ಬರುತ್ತದೆ. ಪದವಿನ ಮುರಕಲ್ಲಿನ ಮೇಲೆ ಮಾತ್ರ ನಿಜವಾದ ಕ್ಲಬ್ ಬೀಸಬೇಡಿ. ಕ್ಲಬ್ ಹಾಳಾಗುತ್ತದೆ, ಚೂರು ಸಿಡಿದರೆ ಕಣ್ಣಿಗೆ ಅಪಾಯ.

ಇಳಿಜಾರು

ನಮ್ಮಲ್ಲಿ ಸಪಾಟು ಜಾಗ ಹುಡುಕುವುದೇ ಕಷ್ಟ, ಹಾಗಾಗಿ ಈ ವಿಷಯದಲ್ಲಿ ನಾವೇ ಸಿರಿವಂತರು. ಮನೆ ಹಿಂದಿನ ಗುಡ್ಡೆಯಲ್ಲಿ ಪೊಳ್ಳು ಪ್ಲಾಸ್ಟಿಕ್ ಚೆಂಡು ಇಟ್ಟು ಅಭ್ಯಾಸ ಮಾಡಿ. ನಿಜವಾದ ಚೆಂಡು 45.93 ಗ್ರಾಂವರೆಗೆ ತೂಗುತ್ತದೆ, ದಾರಿಯಲ್ಲಿ ಹೋಗುವವರಿಗೆ ತಾಗಿದರೆ ಆಟ ಅಲ್ಲಿಗೆ ಮುಗಿಯಿತು.

ಚೆಂಡು ಪಾದಕ್ಕಿಂತ ಮೇಲಿದ್ದರೆ ಅದು ಎಡಕ್ಕೆ ಹೋಗುತ್ತದೆ. ಕ್ಲಬ್ಬನ್ನು ಸ್ವಲ್ಪ ಕೆಳಗೆ ಹಿಡಿಯಿರಿ, ನೆಟ್ಟಗೆ ನಿಲ್ಲಿ, ಗುರಿಯನ್ನು ಬಲಕ್ಕೆ ಇಟ್ಟುಕೊಳ್ಳಿ. ಲಾಫ್ಟ್ ಜಾಸ್ತಿ ಇದ್ದಷ್ಟೂ ಎಡಕ್ಕೆ ಎಳೆಯುವುದು ಜಾಸ್ತಿ, ಅಂದರೆ ವೆಜ್ಜಿಗೆ 5 ಐರನ್‌ಗಿಂತ ಹೆಚ್ಚು ಬಲಕ್ಕೆ ನೋಡಬೇಕು. ಚೆಂಡು ಪಾದಕ್ಕಿಂತ ಕೆಳಗಿದ್ದರೆ ಎಲ್ಲ ಉಲ್ಟಾ: ಚೆಂಡು ಬಲಕ್ಕೆ, ಗುರಿ ಎಡಕ್ಕೆ. ಕಾಲು ಅಗಲಿಸಿ, ಮೊಣಕಾಲು ಬಗ್ಗಿಸಿ, ಕೊನೆಯ ತನಕ ಅದೇ ಎತ್ತರದಲ್ಲಿ ಇರಿ. ನಾಲ್ಕೂ ಇಳಿಜಾರಿನಲ್ಲಿ ಇದೇ ಕಷ್ಟದ್ದು, ಯಾಕಂದರೆ ಮೈ ಎದ್ದು ನಿಲ್ಲಲು ನೋಡುತ್ತದೆ. ಮುಕ್ಕಾಲು ಸ್ವಿಂಗ್ ಸಾಕು.

ಗುರಿಯ ಕಡೆಗೆ ಏರು ಇದ್ದರೆ ಭುಜವನ್ನು ಏರಿಗೆ ಸಮನಾಗಿ ವಾಲಿಸಿ. ಚೆಂಡು ಎತ್ತರಕ್ಕೆ ಹೋಗಿ ಹತ್ತಿರದಲ್ಲೇ ಬೀಳುತ್ತದೆ, ಆದ್ದರಿಂದ 8ರ ಬದಲು 7 ತೆಗೆಯಿರಿ. ಇಳಿತದಲ್ಲಿ ಭುಜವನ್ನು ಇಳಿತಕ್ಕೆ ಸಮ ಮಾಡಿ, ಚೆಂಡನ್ನು ಮೇಲಿನ ಕಾಲಿನ ಕಡೆಗೆ, ಅಂದರೆ ಬಲಗಾಲಿನ ಕಡೆಗೆ ಇಡಿ. ಇಲ್ಲಿ ಚೆಂಡು ತಗ್ಗಾಗಿ ಹೋಗಿ ತುಂಬಾ ಓಡುತ್ತದೆ, 8ರ ಬದಲು 9 ಸಾಕು. ಬೀಸಿದ ಮೇಲೆ ಕ್ಲಬ್ಬನ್ನು ಇಳಿಜಾರಿನ ಉದ್ದಕ್ಕೇ ಕೆಳಗೆ ಬಿಡಿ, ಒಂದು ಹೆಜ್ಜೆ ಮುಂದೆ ಹೋಗುವ ಹಾಗಾದರೆ ಹೋಗಿ.

ಮರಳು

ಬಂಕರ್, ಅಂದರೆ ಮರಳು ಗುಂಡಿಯ ಹೊಡೆತಕ್ಕೆ ಜನ ಹೆದರುವಷ್ಟು ಬೇರೆ ಯಾವುದಕ್ಕೂ ಹೆದರುವುದಿಲ್ಲ. ಇದೊಂದರಲ್ಲಿ ಮಾತ್ರ ಚೆಂಡನ್ನು ಹೊಡೆಯಬಾರದು, ಮರಳನ್ನು ಹೊಡೆಯಬೇಕು. ಚೆಂಡು ಆ ಮರಳಿನ ಜೊತೆ ಹೊರಗೆ ಬರುತ್ತದೆ. ಹಿಂದಿನ ಕಾಲದಲ್ಲಿ ಚೂಪು ಅಂಚಿನ ಕ್ಲಬ್ ಮರಳಿನೊಳಗೆ ಹೂತು ಹೋಗುತ್ತಿತ್ತು. ಅಮೆರಿಕದ ಆಟಗಾರ ಜೀನ್ ಸರಾಜೆನ್ ತನ್ನ ಕ್ಲಬ್ಬಿನ ಅಡಿಗೆ ಬೆಸುಗೆ ಲೋಹ ಸೇರಿಸಿ ಉಬ್ಬಿಸಿಕೊಂಡು, 1932ರ ಬ್ರಿಟಿಷ್ ಓಪನ್ ಅದನ್ನೇ ಹಿಡಿದು ಗೆದ್ದ. ಇವತ್ತು ನಮ್ಮ ಬ್ಯಾಗಿನಲ್ಲಿರುವ ಸ್ಯಾಂಡ್ ವೆಜ್ ಆ ದಾರಿಯಿಂದ ಬಂದದ್ದು. ಅಂದರೆ ಆ ಉಬ್ಬು ಮೊದಲು ಮರಳಿಗೆ ತಾಗುವ ಹಾಗೆ ಹಿಡಿಯುವುದೇ ಇಡೀ ಗುಟ್ಟು.

ಹೀಗೆ ಮಾಡಿ. ಕ್ಲಬ್ಬಿನ ಮುಖವನ್ನು ಮೊದಲು ಬಲಕ್ಕೆ ತೆರೆಯಿರಿ, ಆಮೇಲೆ ಹಿಡಿಯಿರಿ. ಹಿಡಿದ ಮೇಲೆ ಕೈ ತಿರುಗಿಸಿ ತೆರೆದರೆ ಹೊಡೆಯುವಾಗ ಅದು ಮತ್ತೆ ಮುಚ್ಚುತ್ತದೆ. ಪಾದವನ್ನು ಮರಳಿನಲ್ಲಿ ಸ್ವಲ್ಪ ಹೂತು ನಿಲ್ಲಿ. ಜಾರದಂತೆ ನಿಲ್ಲಲು ಅಷ್ಟೇ ಅಲ್ಲ, ಮರಳು ಸಡಿಲವೋ ಗಟ್ಟಿಯೋ ಅನ್ನುವುದು ಪಾದಕ್ಕೆ ಗೊತ್ತಾಗುತ್ತದೆ. ಚೆಂಡು ಎಡ ಹಿಮ್ಮಡಿಯ ನೇರಕ್ಕೆ ಇರಲಿ. ಚೆಂಡಿನ ಹಿಂದೆ ಎರಡು ಇಂಚು ಜಾಗ ನೋಡಿ, ಅಲ್ಲಿ ಕ್ಲಬ್ ಒಳಗೆ ಹೋಗಲಿ, ಚೆಂಡಿನ ಮುಂದೆ ಹೊರಗೆ ಬರಲಿ. ಮುಖ್ಯವಾಗಿ, ನಿಲ್ಲಿಸಬೇಡಿ. ಮರಳಿಗೆ ತಾಗಿದ ತಕ್ಷಣ ಕೈ ಬಿಗಿ ಹಿಡಿದು ನಿಲ್ಲಿಸುವುದರಿಂದಲೇ ಹೆಚ್ಚಿನ ಚೆಂಡು ಬಂಕರಿನಲ್ಲೇ ಉಳಿಯುವುದು.

ಅಭ್ಯಾಸಕ್ಕೆ ಕಡಲು ಇದೆಯಲ್ಲ. ಬೇಕಲ ಕೋಟೆಯ ಹತ್ತಿರ ಜನ ಸೇರುವ ಜಾಗ ಬೇಡ, ಬೆಳಗ್ಗೆ ಬೇಗ ಯಾರೂ ಇಲ್ಲದ, ಬಲೆ ಎಳೆಯದ ಕಡೆ ಹೋಗಿ. ಕಡಲತೀರದಲ್ಲಿ ಹತ್ತು ಹೆಜ್ಜೆಯೊಳಗೆ ಎರಡು ಬಗೆಯ ಬಂಕರ್ ಸಿಗುತ್ತದೆ. ಮೇಲ್ಗಡೆ ಒಣ ಸಡಿಲ ಮರಳು, ಕೆಳಗಡೆ ತೆರೆ ಬಂದು ಹೋದ ಗಟ್ಟಿ ಮರಳು. ಮೇಲಿನದರಲ್ಲಿ ಮುಖ ತೆರೆದು ಮೇಲೆ ಹೇಳಿದ ಹಾಗೆ ಹೊಡೆಯಿರಿ. ಕೆಳಗಿನದರಲ್ಲಿ ಅದೇ ಮಾಡಿದರೆ ಉಬ್ಬು ಪುಟಿಯುತ್ತದೆ. ಅಲ್ಲಿ ಮುಖವನ್ನು ಹೆಚ್ಚು ತೆರೆಯದೆ, ಸಣ್ಣ ಸ್ವಿಂಗ್ ಮಾಡಿ, ಚೆಂಡು ಬೇಗ ಹಾರುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಮಳೆ ಬಿದ್ದ ಮೇಲಿನ ಬಂಕರ್ ಹೀಗೇ ಇರುವುದು. ಮೊದಲು ಚೆಂಡಿಲ್ಲದೆ ಉದ್ದ ಗೆರೆ ಎಳೆದು, ಗೆರೆಯ ಉದ್ದಕ್ಕೂ ಒಂದೊಂದೇ ಹೆಜ್ಜೆ ಸರಿಯುತ್ತಾ ಪ್ರತಿ ಸಲವೂ ಗೆರೆಯ ಮೇಲೇ ಮರಳು ಎಬ್ಬಿಸಿ. ಅದು ಬಂದ ಮೇಲೆ ಚೆಂಡು. ಮನೆಗೆ ಬಂದು ಕ್ಲಬ್ಬನ್ನು ಸಿಹಿನೀರಿನಲ್ಲಿ ತೊಳೆದು ಒರೆಸಿ ಇಡಿ, ಉಪ್ಪು ಬಿಟ್ಟರೆ ತುಕ್ಕು.

ಚೆಂಡು ಮರಳಿನಲ್ಲಿ ಅರ್ಧ ಹೂತಿದ್ದರೆ ಮುಖ ತೆರೆಯಬೇಡಿ. ನೇರವಾಗಿಟ್ಟು, ಕಡಿದಾಗಿ, ಜೋರಾಗಿ ಚೆಂಡಿನ ಹಿಂದೆ ಇಳಿಸಿ. ಚೆಂಡು ಸ್ಪಿನ್ ಇಲ್ಲದೆ ಬಂದು ಉರುಳುತ್ತದೆ, ಆದ್ದರಿಂದ ಧ್ವಜದ ಆಸೆ ಬಿಟ್ಟು ಗ್ರೀನಿನ ಅಗಲವಾದ ಕಡೆಗೆ ನೋಡಿ. ನಿಯಮವೂ ನೆನಪಿರಲಿ: 2019ರಿಂದ ಬಂಕರಿನಲ್ಲಿರುವ ಎಲೆ, ಕಡ್ಡಿ, ಕಲ್ಲು ಎತ್ತಿ ಹಾಕಬಹುದು. ಆದರೆ ಖಾಲಿ ಸ್ವಿಂಗಿನಲ್ಲಿ ಕ್ಲಬ್ ಮರಳಿಗೆ ತಾಗಿದರೆ ದಂಡ, ಚೆಂಡಿನ ಹಿಂದೆ ಮುಂದೆ ಕ್ಲಬ್ ಊರಿದರೂ ದಂಡ.

ಮಳೆ, ಒದ್ದೆ ಹುಲ್ಲು

ಆಟಿ ತಿಂಗಳ ಕುಂಭದ್ರೋಣ ಮಳೆಯಲ್ಲಿ ಯಾರೂ ಆಡುವುದಿಲ್ಲ. ಕಷ್ಟ ಇರುವುದು ಮಳೆ ಬಿಟ್ಟ ಅರ್ಧ ದಿನದಲ್ಲಿ. ಒಣ ಬೈರಾಸನ್ನು ಕೊಡೆಯ ಒಳಗಿನ ಕಡ್ಡಿಗೆ ಸಿಕ್ಕಿಸಿಡಿ, ಎರಡು ಗ್ಲೌಸ್ ಇರಲಿ. ಗುಡುಗು ಕೇಳಿದರೆ ಮಾತ್ರ ಕೈಯಲ್ಲಿ ಕಬ್ಬಿಣದ ಕೋಲು ಹಿಡಿದು ಬಯಲಲ್ಲಿ ನಿಲ್ಲಬೇಡಿ, ಕೊಡೆಯೂ ಬೇಡ, ಕಟ್ಟಡದೊಳಗೆ ಹೋಗಿ.

ಎತ್ತರದ ಒದ್ದೆ ಹುಲ್ಲು ಕ್ಲಬ್ಬಿನ ಕುತ್ತಿಗೆ ಹಿಡಿದು ಮುಖವನ್ನು ಎಡಕ್ಕೆ ತಿರುಗಿಸುತ್ತದೆ. ಮುಖ ಸ್ವಲ್ಪ ತೆರೆದು, ಎಡಗೈ ಹಿಡಿತ ತುಸು ಬಿಗಿ ಮಾಡಿ, ವೆಜ್ಜಿನಲ್ಲಿ ಹತ್ತಿರದ ಫೇರ್‌ವೇಗೆ, ಅಂದರೆ ಹುಲ್ಲು ಕತ್ತರಿಸಿದ ಆಟದ ದಾರಿಗೆ ತನ್ನಿ. ಅಷ್ಟೇ ಗುರಿ. ಗಿಡ್ಡ ಒದ್ದೆ ರಫ್‌ನಲ್ಲಿ (ಫೇರ್‌ವೇ ಬದಿಯ ಒರಟು ಹುಲ್ಲಿನಲ್ಲಿ) ಇನ್ನೊಂದು ಮೋಸ ಇದೆ: ಚೆಂಡಿಗೂ ಮುಖಕ್ಕೂ ನಡುವೆ ಹುಲ್ಲು, ನೀರು ಸಿಕ್ಕಿ ಸ್ಪಿನ್ ಕಡಿಮೆಯಾಗಿ ಚೆಂಡು ಲೆಕ್ಕಕ್ಕಿಂತ ದೂರ ಹೋಗುತ್ತದೆ. ಗ್ರೀನ್ ಹಿಂದೆ ನೀರಿದ್ದರೆ ಒಂದು ಕ್ಲಬ್ ಕಡಿಮೆ, ಅಂದರೆ 8ರ ಬದಲು 9 ತೆಗೆಯಿರಿ.

ನಿಂತ ಮಳೆನೀರಿನಲ್ಲಿ ಚೆಂಡಿದ್ದರೆ ದಂಡವಿಲ್ಲದೆ ಎತ್ತಿ ಒಣ ಜಾಗಕ್ಕೆ ಹಾಕಬಹುದು. ತಾನು ಬಿದ್ದ ಗುಂಡಿಯಲ್ಲೇ ಚೆಂಡು ಹೂತಿದ್ದರೂ ಹಾಗೇ, ಬಂಕರ್ ಮತ್ತು ಗುರುತು ಹಾಕಿದ ದಂಡದ ಜಾಗ (ಪೆನಾಲ್ಟಿ ಏರಿಯಾ) ಬಿಟ್ಟು. ಗೊತ್ತಿಲ್ಲದೆ ಕೆಸರಿನಲ್ಲೇ ಹೊಡೆದು ಬಟ್ಟೆ ಹಾಳು ಮಾಡಿಕೊಳ್ಳುವವರನ್ನು ನೋಡಿದ್ದೇನೆ.

ಮರದ ಕೆಳಗೆ, ಗಾಳಿಯಲ್ಲಿ

ತಗ್ಗು ಹೊಡೆತ ಕಲಿಯಲು ಗೇರು ಮರ ಸಾಕು, ಅದರ ಕೊಂಬೆ ಎದೆ ಎತ್ತರಕ್ಕೇ ಇಳಿದಿರುತ್ತದೆ. ಪೊಳ್ಳು ಚೆಂಡು ಇಟ್ಟು 5 ಅಥವಾ 6 ಐರನ್ ತೆಗೆದು, ಕೆಳಗೆ ಹಿಡಿದು, ಚೆಂಡನ್ನು ಬಲಗಾಲ ಕಡೆಗೆ ಇಟ್ಟು, ಕೈ ಮುಂದೆ ಮಾಡಿ. ಹಿಂದಕ್ಕೆ ಸೊಂಟದೆತ್ತರ, ಮುಂದಕ್ಕೂ ಸೊಂಟದೆತ್ತರ, ಅಲ್ಲೇ ನಿಲ್ಲಿಸಿ. ಕೋರ್ಸಿನಲ್ಲಿ ಧ್ವಜದ ಕಡೆಗಿನ ಕಿಂಡಿ ಹುಡುಕಬೇಡಿ, ಅಗಲವಾದ ಕಿಂಡಿ ಹುಡುಕಿ, ಅದು ಹಿಂದಕ್ಕೇ ಇದ್ದರೂ ಸರಿ.

ಎದುರುಗಾಳಿಗೂ ಇದೇ ಹೊಡೆತ, ಇನ್ನಷ್ಟು ನಿಧಾನವಾಗಿ. ಜೋರಾಗಿ ಹೊಡೆದಷ್ಟೂ ಸ್ಪಿನ್ ಜಾಸ್ತಿ, ಸ್ಪಿನ್ ಜಾಸ್ತಿಯಾದಷ್ಟೂ ಚೆಂಡು ಮೇಲೆದ್ದು ಗಾಳಿಗೆ ಸಿಗುತ್ತದೆ. ಒಂದೋ ಎರಡೋ ಕ್ಲಬ್ ದೊಡ್ಡದು, ಅಂದರೆ 8ರ ಬದಲು 7 ಅಥವಾ 6 ತೆಗೆದು ಮೆತ್ತಗೆ ಬೀಸಿ.

ಬಲದ ಬಗ್ಗೆ ತಲೆ ಕೆಡಿಸಿಕೊಳ್ಳುವವರಿಗೆ ಒಂದು ಮಾತು. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದದ್ದು ದೂರ ಹೊಡೆದಲ್ಲ. ಅಲ್ಲಿ ಆಡಿದವರಲ್ಲಿ ಆಕೆಯ ಡ್ರೈವ್ ಚಿಕ್ಕವುಗಳ ಸಾಲಿನಲ್ಲಿತ್ತು, ಪಟಿಂಗ್ ಮಾತ್ರ ಅದ್ಭುತ. ಮಳೆಗಾಲದ ಸಂಜೆ ಜಗಲಿಯಲ್ಲಿ ಜಮಖಾನ ಹಾಸಿ ಪಟ್ ಮಾಡಬಹುದು. ಹೋಲಿನ ಅಗಲ 108 ಮಿಲಿಮೀಟರ್, ಗುರಿಗೆ ಅದಕ್ಕಿಂತ ಸಣ್ಣ ಲೋಟ ಇಟ್ಟುಕೊಳ್ಳಿ.

ಹೊಡೆಯಲೇಬೇಕಾ?

ಕೆಲವು ಕಡೆ ಉತ್ತರ ಬೇಡ ಅಂತ. ಮುಳ್ಳುಪೊದೆಯಲ್ಲಿ ಚೆಂಡಿದ್ದರೆ, ಹತ್ತರಲ್ಲಿ ಏಳು ಸಲ ಹೊರಗೆ ತರಬಲ್ಲೆನಾ ಅಂತ ಕೇಳಿಕೊಳ್ಳಿ. ಇಲ್ಲ ಅಂತಾದರೆ ಆಡಲಾಗದ ಚೆಂಡು ಅಂತ ಹೇಳಿ ಒಂದು ಹೊಡೆತ ದಂಡ ತೆಗೆದುಕೊಳ್ಳಿ. ಆಗ ಮೂರು ದಾರಿ: ಹಿಂದೆ ಹೊಡೆದ ಜಾಗಕ್ಕೇ ಹೋಗುವುದು, ಧ್ವಜ ಮತ್ತು ಚೆಂಡಿನ ನೇರದಲ್ಲಿ ಎಷ್ಟು ಬೇಕಾದರೂ ಹಿಂದೆ ಹೋಗುವುದು, ಇಲ್ಲ ಚೆಂಡಿನಿಂದ ಎರಡು ಕ್ಲಬ್ ಉದ್ದದೊಳಗೆ, ಧ್ವಜಕ್ಕೆ ಹತ್ತಿರವಾಗದಂತೆ ಹಾಕುವುದು. ಮೂರನೆಯದು ಸುಲಭ ಅಂತ ಎಲ್ಲರೂ ಅದಕ್ಕೇ ಹೋಗುತ್ತಾರೆ. ಎರಡು ಕ್ಲಬ್ ಉದ್ದ ಸರಿದ ಮೇಲೂ ಪೊದೆ ಅಡ್ಡ ಇದೆಯಾ ಅಂತ ಮೊದಲು ನಿಂತು ನೋಡಿ, ಆಮೇಲೆ ಚೆಂಡು ಎತ್ತಿ. ಹಾಕುವಾಗ ಮೊಣಕಾಲಿನ ಎತ್ತರದಿಂದ ಬಿಡಿ. ಭುಜದ ಎತ್ತರದಿಂದ ಬಿಡುವ ಕ್ರಮ 2019ಕ್ಕೆ ಮುಗಿಯಿತು. ಮರೆತು ಹಾಗೆ ಬಿಟ್ಟರೆ ಹೊಡೆಯುವ ಮೊದಲೇ ಎತ್ತಿ ಸರಿಯಾಗಿ ಬಿಡಿ, ಅದಕ್ಕೆ ದಂಡ ಇಲ್ಲ.